ನಿಮ್ಮ ಮನೆಗೆ ಕಾವೇರಿಯೋ, ಬೋರ್‌ವೆಲ್ಲೋ?

ಬೆಂಗಳೂರಿನ ಬನಶಂಕರಿ, ಜಯನಗರದ ಕಡೆ ಅಲಂಕಾರಿಕ ಮೀನು ಮಾರುವವರಲ್ಲಿ ಪಳಗಿದ ಕೆಲವರು ಗಿರಾಕಿ ಬಂದ ಕೂಡಲೇ ಒಂದು ಪ್ರಶ್ನೆ ಕೇಳುತ್ತಾರೆ: ‘ಸರ್, ನಿಮ್ಮನೆಗೆ ಕಾವೇರಿ ಬರುತ್ತಾ, ಇಲ್ಲ ಬೋರ್ ನೀರಾ?’ ಯಾವ ಮೀನು, ಎಷ್ಟು ದೊಡ್ಡ ತೊಟ್ಟಿ, ಎಷ್ಟು ಖರ್ಚು ಎಂಬ ಮಾತೆಲ್ಲ ಆಮೇಲೆ. ಹೀಗೆ ಕೇಳುವ ಅಂಗಡಿ ಸಿಕ್ಕಿದ್ದರೆ ಅದನ್ನು ಬಿಡಬೇಡಿ. ಮೀನು ಬದುಕುತ್ತದೋ ಇಲ್ಲವೋ ಎಂಬುದು ಇಲ್ಲಿ ಬಹುಪಾಲು ಆ ಉತ್ತರದ ಮೇಲೆ ನಿಂತಿದೆ. ಪಶ್ಚಿಮ ಆಫ್ರಿಕಾದ ಪುಟ್ಟ ಸಿಕ್ಲಿಡ್‌ಗಳನ್ನು ತಂದು ಮನೆಯಲ್ಲೇ ಮರಿ ಮಾಡಿಸಬೇಕು ಎನ್ನುವವರಿಗಂತೂ ನೀರಿನ ವಿಚಾರ ಬಿಟ್ಟರೆ ಕಲಿಯಬೇಕಾದ್ದು ಹೆಚ್ಚೇನೂ ಇಲ್ಲ.

ಸಿಕ್ಲಿಡ್ ಎಂಬುದು ಮೀನುಗಳ ಒಂದು ಬಹಳ ದೊಡ್ಡ ಕುಲ. ಏಂಜೆಲ್, ಆಸ್ಕರ್, ಡಿಸ್ಕಸ್ ಎಲ್ಲ ಅದರವೇ. ಅದೃಷ್ಟ ತರುತ್ತದೆಂದು ಹಣೆ ಉಬ್ಬಿದ ಫ್ಲವರ್‌ಹಾರ್ನ್ ತಂದು ವಾಸ್ತು ನೋಡಿ ಮೂಲೆಯಲ್ಲಿಡುತ್ತಾರಲ್ಲ, ಅದೂ ಇದೇ ಕುಲದ ಮಿಶ್ರತಳಿ. ನಮ್ಮ ಅಂಗಡಿಗಳಲ್ಲಿ ‘ಆಫ್ರಿಕನ್’ ಎಂದರೆ ಹಳದಿ, ನೀಲಿ ಬಣ್ಣದ ಮಲಾವಿ ಸರೋವರದ ಮೀನುಗಳು. ಅವು ಖಂಡದ ಪೂರ್ವಭಾಗದವು, ಕಲ್ಲುಬಂಡೆಗಳ ನಡುವಿನ ಕ್ಷಾರೀಯ ನೀರಿನವು. ನಾನು ಹೇಳಹೊರಟಿರುವವು ಅತ್ತ ಗಿನಿಯಿಂದ ಕ್ಯಾಮರೂನ್, ಗಬಾನ್‌ವರೆಗೆ ಅಟ್ಲಾಂಟಿಕ್ ಕರಾವಳಿಯ ಮಳೆಕಾಡಿನ ಹೊಳೆ, ತೊರೆಗಳಲ್ಲಿರುವ ಬೆರಳುದ್ದದ ಮೀನುಗಳು. ಅವುಗಳಲ್ಲಿ ಬೆಂಗಳೂರಿನಲ್ಲಿ ಸುಲಭವಾಗಿ ಸಿಗುವುದು ಒಂದೇ: ಕ್ರಿಬೆನ್ಸಿಸ್. ಅಂಗಡಿಯವರ ಬಾಯಲ್ಲಿ ‘ಕ್ರಿಬ್’. ಶಾಸ್ತ್ರೀಯ ಹೆಸರು ಪೆಲ್ವಿಕಕ್ರೋಮಿಸ್ ಪಲ್ಚರ್. ಬ್ರಿಟಿಷ್ ಮ್ಯೂಸಿಯಂನಲ್ಲಿದ್ದ ಪ್ರಾಣಿವಿಜ್ಞಾನಿ ಜಾರ್ಜ್ ಆಲ್ಬರ್ಟ್ ಬೌಲೆಂಜರ್ 1901ರಲ್ಲಿ ಇದನ್ನು ಮೊದಲು ವಿವರಿಸಿದರು. ಊರು ದಕ್ಷಿಣ ನೈಜೀರಿಯಾ, ನೈಜರ್ ನದಿಯ ಮುಖಜಭೂಮಿಯ ಸುತ್ತಮುತ್ತ. ಗಂಡು ಹತ್ತು ಸೆಂಟಿಮೀಟರ್ ಮುಟ್ಟಿದರೆ ಹೆಚ್ಚು, ಹೆಣ್ಣು ಏಳೆಂಟು. ಬಿಳಿ ಮೈ, ಕೆಂಪು ಕಣ್ಣಿನ ಆಲ್ಬಿನೊ ತಳಿಯೂ ಸಿಗುತ್ತದೆ. ನನ್ನನ್ನು ಕೇಳಿದರೆ ಸಹಜ ಬಣ್ಣದ ಮೀನನ್ನೇ ತನ್ನಿ. ಈ ಮೀನಿನ ಅರ್ಧ ಮಾತುಕತೆ ಬಣ್ಣದಲ್ಲೇ ನಡೆಯುವುದು. ಆಲ್ಬಿನೊದಲ್ಲಿ ಅದರಲ್ಲಿ ಬಹಳಷ್ಟು ಮಾಸಿಹೋಗಿರುತ್ತದೆ.

ಈ ಮೀನಿನ ಊರಿನ ನೀರು ಮೆದು. ನೈಜೀರಿಯಾದ ಇಥಿಯೋಪ್ ನದಿಯಲ್ಲಿ ಕ್ರಿಬ್ ಇರುವ ಕಡೆ ಪಿಎಚ್ 5.6ರಿಂದ 6.2ರ ನಡುವೆ, ಗಡಸು ಇಲ್ಲವೆನ್ನುವಷ್ಟು ಕಡಿಮೆ. ಇನ್ನು ನಮ್ಮ ನಲ್ಲಿಯ ಕಡೆ ಬರೋಣ. ಕಾವೇರಿ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ, ಐನೂರು ಮೀಟರ್ ಎತ್ತರ ಏರಿ ಬರುತ್ತದೆ. ಈ ಯೋಜನೆಯ ಮೊದಲ ಹಂತ ಬಂದದ್ದು 1974ರಲ್ಲಿ, ಐದನೆಯ ಹಂತಕ್ಕೆ ಚಾಲನೆ ಸಿಕ್ಕಿದ್ದು 2024ರ ಅಕ್ಟೋಬರ್‌ನಲ್ಲಿ. ಅದು ನದಿಯ ಮೇಲ್ಮೈ ನೀರು, ಕರಗಿದ ಲವಣ ಕಡಿಮೆ. ಬೋರ್‌ವೆಲ್ ನೀರು ನೂರಾರು ಅಡಿ ಕೆಳಗಿನ ಗ್ರಾನೈಟ್, ನೈಸ್ ಶಿಲೆಯ ಬಿರುಕುಗಳಲ್ಲಿ ನಿಂತು ಕ್ಯಾಲ್ಸಿಯಂ, ಮೆಗ್ನೀಸಿಯಂ ಹೀರಿಕೊಂಡು ಮೇಲೆ ಬಂದದ್ದು. ಗೀಸರ್‌ನ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುವುದು, ಸೋಪು ನೊರೆ ಬರದಿರುವುದು ಅದರಿಂದಲೇ. ಜೆ.ಪಿ. ನಗರದ ಒಂದೇ ಬೀದಿಯಲ್ಲಿ ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಲವಣ) ಅಳೆಯುವ ಪೆನ್ನು ಹಿಡಿದು ನಡೆದರೆ ಒಂದು ಮನೆಯ ನಲ್ಲಿಯಲ್ಲಿ 200ರ ಆಸುಪಾಸು, ಎರಡು ಮನೆ ಆಚೆ 900 ತೋರಿಸುವುದುಂಟು. ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆ ಅಪೇಕ್ಷಣೀಯ ಎನ್ನುವ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂ. ಬೇರೆ ನೀರೇ ಇಲ್ಲದಿದ್ದರೆ 2000ದವರೆಗೂ ಸರಿ ಎನ್ನುತ್ತದೆ. ಮನುಷ್ಯರಿಗೆ ಇಷ್ಟು ಅಗಲದ ಮಿತಿ ಸಾಕು. ಮೊಟ್ಟೆಗೆ ಸಾಲದು.

ಕ್ರಿಬ್ ಬೋರ್ ನೀರಲ್ಲೂ ಬದುಕುತ್ತದೆ ಎನ್ನುತ್ತಾರೆ. ನಿಜ. ತಲೆಮಾರುಗಳಿಂದ ತೊಟ್ಟಿಯಲ್ಲೇ ಹುಟ್ಟಿ ಬೆಳೆದ ಮೀನು ಅದು. ನಮ್ಮ ಅಂಗಡಿಗೆ ಬರುವ ಸರಕಿನಲ್ಲಿ ಬಹಳಷ್ಟು ಚೆನ್ನೈನ ಕೊಳತ್ತೂರಿನಂಥ ಕಡೆ ಸಿಮೆಂಟ್ ತೊಟ್ಟಿಗಳಲ್ಲಿ ಬೆಳೆದದ್ದು. ಬದುಕುತ್ತದೆ, ಜೋಡಿ ಕಟ್ಟುತ್ತದೆ, ಮೊಟ್ಟೆಯನ್ನೂ ಇಡುತ್ತದೆ. ಆದರೆ ನೀರು ತೀರಾ ಗಡಸಾದರೆ ಮೊಟ್ಟೆಗಳು ಒಡೆಯದೆ ಬೆಳ್ಳಗಾಗಿ ಬೂಷ್ಟು ಹಿಡಿಯುವುದು ಹೆಚ್ಚು. ಗಡಸಿಗಿಂತ ಅಪಾಯಕಾರಿ ಇನ್ನೊಂದಿದೆ, ಅದು ನಮ್ಮ ಊರಿನದೇ ಸಮಸ್ಯೆ: ಸಂಪು. ಎರಡು ದಿನಕ್ಕೊಮ್ಮೆ ಕಾವೇರಿ ಬಿಡುತ್ತಾರೆ, ಸಾಲದಿದ್ದರೆ ಬೋರ್ ಓಡಿಸುತ್ತೇವೆ, ಅದೂ ಕೈಕೊಟ್ಟರೆ ಟ್ಯಾಂಕರ್ ತರಿಸುತ್ತೇವೆ. ಮೂರೂ ಒಂದೇ ಸಂಪಿಗೆ ಬೀಳುತ್ತವೆ. ಸೋಮವಾರ ನಲ್ಲಿ ತಿರುಗಿಸಿದರೆ ಬಂದ ನೀರು ಗುರುವಾರ ಇರುವುದಿಲ್ಲ. ನಮ್ಮ ನಾಲಗೆಗೆ ಅಷ್ಟಾಗಿ ಗೊತ್ತಾಗದು. ಮೀನಿನ ಕಿವಿರಿಗೆ ಗೊತ್ತಾಗುತ್ತದೆ. ಒಂದೇ ಸಲಕ್ಕೆ ಅರ್ಧ ತೊಟ್ಟಿ ನೀರು ಬದಲಿಸಿದ ಮರುದಿನ ಮೀನು ಮೂಲೆ ಹಿಡಿದು ಕೂರುವುದು ಎಷ್ಟೋ ಸಲ ಇದರಿಂದಲೇ.

ಹಾಗಾಗಿ ಮೀನು ತರುವ ಮೊದಲು ಒಂದು ಟಿಡಿಎಸ್ ಪೆನ್ನು, ಒಂದು ಪಿಎಚ್ ಕಿಟ್, ಐವತ್ತು ಲೀಟರಿನ ಮುಚ್ಚಳವಿರುವ ಒಂದು ಡ್ರಮ್ ತನ್ನಿ ಎನ್ನುತ್ತೇನೆ. ಕಾವೇರಿ ಬಂದ ದಿನ ರಸ್ತೆಯ ಪೈಪಿನಿಂದ ನೇರ ಬರುವ ನಲ್ಲಿಯಲ್ಲಿ ಡ್ರಮ್ ತುಂಬಿಸಿಕೊಳ್ಳಿ. ಒಂದು ದಿನ ಹಾಗೇ ಗಾಳಿಯಾಡಿಸಿದರೆ ಕ್ಲೋರಿನ್ ಹಾರಿಹೋಗುತ್ತದೆ; ಅವಸರವಿದ್ದರೆ ಅಂಗಡಿಯ ಆಂಟಿ-ಕ್ಲೋರಿನ್ ಹನಿ ಹಾಕಿ. ವಾರಕ್ಕೆ ಕಾಲು ಭಾಗ ನೀರು ಇದರಿಂದಲೇ ಬದಲಿಸಿ. ಮುಚ್ಚಳ ಮರೆಯಬೇಡಿ, ಡೆಂಗಿ ಸೊಳ್ಳೆಗೆ ಇಂಥ ಡ್ರಮ್ಮೇ ಬೇಕಾದ್ದು.

2024ರ ಬೇಸಿಗೆಯಲ್ಲಿ ಜಲಮಂಡಳಿ ಕಾರು ತೊಳೆಯಲು, ಕೈತೋಟಕ್ಕೆ ಕುಡಿಯುವ ನೀರು ಬಳಸಿದರೆ ಐದು ಸಾವಿರ ರೂಪಾಯಿ ದಂಡ ಎಂದು ಆದೇಶ ಹೊರಡಿಸಿತ್ತು. ಬೋರ್‌ಗಳು ಬತ್ತಿದ್ದವು. ಆ ದಿನಗಳಲ್ಲಿ ಮೀನು ಸಾಕುವವರ ಮನಸ್ಸಿನಲ್ಲಿ ಒಂದು ಅಳುಕು ಇದ್ದೇ ಇತ್ತು. ಅಕ್ಕಪಕ್ಕದವರು ಟ್ಯಾಂಕರ್‌ಗೆ ಕಾಯುತ್ತಿರುವಾಗ ನಾವು ಮೀನಿಗೆ ನೀರು ಬದಲಿಸುವುದು ಸರಿಯೇ? ಆಗ ಆಸರೆಯಾದದ್ದು ತೊಟ್ಟಿ ಚಿಕ್ಕದಾಗಿದ್ದುದು. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯಲ್ಲಿ ಹಿಡಿಯುವುದೇ ಐವತ್ತಾರು ಲೀಟರ್. ಒಂದು ಜೋಡಿ ಕ್ರಿಬ್‌ಗೆ ಅಷ್ಟು ಸಾಕು. ವಾರಕ್ಕೆ ಹೊರತೆಗೆಯುವ ಹದಿಮೂರು, ಹದಿನಾಲ್ಕು ಲೀಟರ್ ನೀರಿನಲ್ಲಿ ಮೀನಿನ ಗಲೀಜಿನಿಂದಾದ ನೈಟ್ರೇಟ್ ಇರುತ್ತದೆ, ಅದು ಗಿಡಕ್ಕೆ ಗೊಬ್ಬರ. ಬಾಲ್ಕನಿಯ ಕರಿಬೇವು, ತುಳಸಿಗೆ ಅದನ್ನೇ ಸುರಿದರೆ ಬೇರೆ ನೀರು ಬೇಡ. ಆಸ್ಕರ್, ಅರೋವಾನಾ ಸಾಕುವವರು ಈ ಲೆಕ್ಕ ಹಾಕಲಾರರು.

ಮನೆಗೆ ಬರೀ ಬೋರ್ ನೀರು ಎನ್ನುವವರಿಗೆ, ಬಿಟಿಎಂ ಲೇಔಟಿನ ಅಪಾರ್ಟ್‌ಮೆಂಟ್‌ಗಳಲ್ಲಿರುವ ಎಷ್ಟೋ ಜನರ ಪಾಡು ಇದೇ, ಎರಡು ದಾರಿ ಇವೆ. ಒಂದು ಆರ್‌ಒ ನೀರು ಬೆರೆಸುವುದು. ಆದರೆ ಒಂದು ಲೀಟರ್ ಆರ್‌ಒ ನೀರಿಗೆ ಎರಡು ಮೂರು ಲೀಟರ್ ಚರಂಡಿ ಸೇರುತ್ತದೆ. ನನಗೆ ಅದು ಒಪ್ಪುವುದಿಲ್ಲ. ಇನ್ನೊಂದು ಮಳೆ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆಯಾಗುತ್ತದೆ. 30–40 ಸೈಟಿನಷ್ಟು ಅಗಲದ ತಾರಸಿಯ ಮೇಲೆ ಬೀಳುವುದೇ ಒಂದು ಲಕ್ಷ ಲೀಟರ್ ದಾಟುತ್ತದೆ. ಮಳೆನೀರು ಸಂಗ್ರಹಕ್ಕೆ 2009ರಿಂದ ಕಾನೂನೇ ಇದೆ. ಹೇಗೆ ಹಿಡಿಯಬೇಕು, ಮೊದಲ ಕೊಳೆನೀರು ಹೇಗೆ ಬೇರ್ಪಡಿಸಬೇಕು ಎಂಬುದನ್ನೆಲ್ಲ ಕಣ್ಣಾರೆ ನೋಡಬೇಕೆಂದರೆ ಜಯನಗರ 5ನೇ ಬ್ಲಾಕಿನಲ್ಲಿ ಜಲಮಂಡಳಿಯ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಥೀಮ್ ಪಾರ್ಕ್ ಇದೆ. ಮೀನು ಸಾಕುವವರು ಅತ್ತ ಹೋದದ್ದು ನಾನು ಕಂಡಿಲ್ಲ, ಹೋಗಬೇಕು. ನೈಜೀರಿಯಾದ ಕಾಡಿನ ತೊರೆಗೆ ಹತ್ತಿರವಾದ ನೀರು ನಮ್ಮ ತಾರಸಿಯ ಮೇಲೇ ಬೀಳುತ್ತಿದೆ.

ಒಂದು ಎಚ್ಚರಿಕೆ. ಬರೀ ಮಳೆನೀರು ತುಂಬಿದರೆ ಅದರಲ್ಲಿ ಪಿಎಚ್ ಹಿಡಿದಿಡುವ ಲವಣವೇ ಇರುವುದಿಲ್ಲ, ಒಂದು ರಾತ್ರಿಯಲ್ಲಿ ಕುಸಿಯಬಹುದು. ಪಿಎಚ್ 6ಕ್ಕಿಂತ ಕೆಳಗಿಳಿದರೆ ಗಲೀಜು ಅರಗಿಸುವ ಬ್ಯಾಕ್ಟೀರಿಯಾಗಳೂ ಮಂಕಾಗುತ್ತವೆ. ಗಡಸು 400 ಇರುವ ಬೋರ್ ನೀರು ಒಂದು ಪಾಲು, ಮಳೆನೀರು ಮೂರು ಪಾಲು ಬೆರೆಸಿದರೆ ಗಡಸು 100ರ ಹತ್ತಿರ ಬಂದು ನಿಲ್ಲುತ್ತದೆ, ಕ್ರಿಬ್‌ಗೆ ಅದು ಹಿತ. ಪಿಎಚ್ 6.5ರಿಂದ 7 ಇದ್ದರೆ ಇನ್ನೊಂದು ಲಾಭವಿದೆ. ಮೀನಿನ ಮಲಮೂತ್ರದಿಂದಾಗುವ ಅಮೋನಿಯಾದಲ್ಲಿ ವಿಷದ ರೂಪದ್ದು ಪಿಎಚ್ 7ರಲ್ಲಿ ನೂರಕ್ಕೆ ಅರ್ಧದಷ್ಟಿದ್ದರೆ, ಪಿಎಚ್ 8ರಲ್ಲಿ ಐದು ದಾಟುತ್ತದೆ. ಒಂದೇ ಅಂಕಿಯ ಅಂತರ, ವಿಷ ಹತ್ತು ಪಟ್ಟು. ಹೊಸ ತೊಟ್ಟಿಗೆ ಮೀನು ಬಿಟ್ಟ ವಾರದೊಳಗೆ ಸಾಯುವುದಕ್ಕೆ ಬೋರ್ ನೀರಿನ ಮನೆಗಳಲ್ಲಿ ಇದೇ ಮುಖ್ಯ ಕಾರಣ. ಸ್ಪಂಜ್ ಫಿಲ್ಟರ್ ಹಾಕಿ ನಾಲ್ಕೈದು ವಾರ ಅದರಲ್ಲಿ ಆ ಬ್ಯಾಕ್ಟೀರಿಯಾಗಳು ನೆಲೆಯೂರಲು ಬಿಟ್ಟೇ ಮೀನು ತರಬೇಕು. ಗೆಳೆಯರ ಹಳೆಯ ತೊಟ್ಟಿಯ ಸ್ಪಂಜೊಂದು ಸಿಕ್ಕರೆ ಕಾಯುವುದು ಕಡಿಮೆಯಾಗುತ್ತದೆ.

ತೊಟ್ಟಿಯ ಒಳಗೆ ಬೇಕಾದ್ದೆಲ್ಲ ಅಡುಗೆಮನೆಯಲ್ಲಿ, ಬೀದಿಯಲ್ಲಿ ಸಿಗುತ್ತದೆ. ತೆಂಗಿನ ಕರಟವನ್ನು ನಾರು ಹೆರೆದು, ಕುದಿಸಿ, ಅಂಚಿನಲ್ಲಿ ಹೆಬ್ಬೆರಳು ತೂರುವಷ್ಟು ಕಂಡಿ ಮಾಡಿ ಬೋರಲು ಹಾಕಿದರೆ ಅದೇ ಗವಿ. ಮರಳಿನ ವಿಷಯದಲ್ಲಿ ಜಾಗ್ರತೆ: ಈಗ ಕಟ್ಟಡದ ಕಡೆ ಸಿಗುವುದೆಲ್ಲ ಎಂ-ಸ್ಯಾಂಡ್. ಅದು ಕಲ್ಲು ಪುಡಿ ಮಾಡಿದ್ದು, ಅಂಚು ಚೂಪು. ಕ್ರಿಬ್‌ಗಳು ದಿನವಿಡೀ ಬಾಯಿತುಂಬ ಮರಳು ಮೊಗೆದು ಕಿವಿರಿನಿಂದ ಸೋಸಿ ಬಿಡುತ್ತವೆ, ಅವಕ್ಕೆ ನುಣುಪಾದ ಹೊಳೆಮರಳೇ ಆಗಬೇಕು. ತಂದ ಮರಳಿನ ಮೇಲೆ ನಾಲ್ಕು ಹನಿ ವಿನೆಗರ್ ಹಾಕಿ ನೋಡಿ, ಬುರುಗು ಬಂದರೆ ಸುಣ್ಣದ ಅಂಶವಿದೆ, ಬೇಡ. ಆಮೇಲೆ ಬಾದಾಮಿ ಎಲೆ. ಬಡಾವಣೆಯ ಪಾರ್ಕುಗಳಲ್ಲಿ ಕೊಡೆಯಂತೆ ಹರಡಿ ಚಳಿಗಾಲದ ಕೊನೆಗೆ ಕೆಂಪಾಗಿ ಎಲೆ ಉದುರಿಸುತ್ತದಲ್ಲ, ಆ ಕಾಡುಬಾದಾಮಿ ಮರದ್ದು. ತಾನಾಗಿ ಬಿದ್ದ, ಒಣಗಿದ ಎಲೆಯನ್ನು ತೊಳೆದು ತಳದಲ್ಲಿ ಹಾಸಿದರೆ ನೀರಿಗೆ ಚಹಾದ ಬಣ್ಣ ಬಿಡುತ್ತದೆ. ಅದರ ಟ್ಯಾನಿನ್ ಬೂಷ್ಟನ್ನು ಸ್ವಲ್ಪ ತಡೆಯುತ್ತದೆ. ಅಂಗಡಿಗಳಲ್ಲಿ ಇದನ್ನೇ ಪ್ಯಾಕೆಟ್ ಮಾಡಿ ಮಾರುತ್ತಾರೆ. ಹೊಂಗೆ, ಕಣಗಿಲೆಯ ಯಾವ ಭಾಗವೂ ತೊಟ್ಟಿಯ ಹತ್ತಿರ ಸುಳಿಯಬಾರದು.

ಇನ್ನು ಮೀನಿನ ಸಂಸಾರ. ಎರಡೇ ಮೀನು ತಂದು ಜೋಡಿ ಎಂದುಕೊಂಡರೆ ಹೊಂದದೆ ಕಚ್ಚಾಡಬಹುದು. ಐದಾರು ಮರಿ ತಂದು ಅವೇ ಜೋಡಿಯಾಗಲು ಬಿಡುವುದು ಒಳ್ಳೆಯದು. ಇಲ್ಲಿ ಮೊದಲು ಮುಂದೆ ಬರುವುದು ಹೆಣ್ಣು. ಹೊಟ್ಟೆಯ ಭಾಗ ಬೀಟ್‌ರೂಟ್ ಹಿಂಡಿದಂತೆ ಕೆಂಪೇರುತ್ತದೆ. ಆ ಕೆಂಪು ಚೆನ್ನಾಗಿ ಕಾಣಲೆಂದು ಮೈಯನ್ನು ಬಿಲ್ಲಿನ ಹಾಗೆ ಬಾಗಿಸಿ ಗಂಡಿನ ಮುಖದೆದುರು ನಿಂತು ನಡುಗುತ್ತದೆ. ಗಂಡು ಮೊದಲು ಮುಖ ತಿರುಗಿಸುತ್ತದೆ, ಮತ್ತೆ ಬರುತ್ತದೆ. ಎರಡೂ ಕರಟದೊಳಗೆ ಹೊಕ್ಕು ಬಾಯಲ್ಲಿ ಮರಳು ತುಂಬಿ ತಂದು ಹೊರಗೆ ಉಗುಳತೊಡಗಿದವೆಂದರೆ ಮನೆ ಆಯ್ಕೆ ಮುಗಿಯಿತು ಎಂದರ್ಥ. ಒಂದು ದಿನ ಹೆಣ್ಣು ಕಾಣೆಯಾಗುತ್ತದೆ. ಹೆದರಿ ಕರಟ ಎತ್ತಿ ನೋಡಬೇಡಿ. ಒಳಗೆ ಕರಟದ ಚಾವಣಿಗೆ ಐವತ್ತರಿಂದ ಇನ್ನೂರರವರೆಗೆ ಕಂದುಬಣ್ಣದ ಮೊಟ್ಟೆ ಅಂಟಿಸಿ, ತಲೆಕೆಳಗಾಗಿ ನಿಂತು ರೆಕ್ಕೆಯಿಂದ ಗಾಳಿ ಬೀಸುತ್ತಿರುತ್ತದೆ. ಗಂಡು ಹೊರಗೆ ಕಾವಲು. ನೀವು ಬೆರಳು ಅದ್ದಿದರೆ ಅದಕ್ಕೂ ಬಂದು ಗುದ್ದುತ್ತದೆ.

ಮೂರನೆಯ ದಿನದ ಹೊತ್ತಿಗೆ ಮೊಟ್ಟೆ ಒಡೆಯುತ್ತದೆ. ಇನ್ನೂ ಈಜಲಾರದ, ಹೊಟ್ಟೆಗೆ ಹಳದಿ ಚೀಲ ಅಂಟಿದ ಮರಿಗಳನ್ನು ತಾಯಿ ಬಾಯಲ್ಲಿ ಎತ್ತಿಕೊಂಡು ತಾನು ತೋಡಿದ ಗುಂಡಿಯೊಂದರಲ್ಲಿ ಗುಡ್ಡೆ ಹಾಕುತ್ತದೆ. ವಾರ ಕಳೆಯುವಷ್ಟರಲ್ಲಿ ಒಂದು ಬೆಳಿಗ್ಗೆ ಮರಿಗಳೆಲ್ಲ ಒಟ್ಟಿಗೆ ಮೇಲೆದ್ದು ತಾಯಿಯ ಹಿಂದೆ ಹೊರಬರುತ್ತವೆ. ಇಲ್ಲಿ ಗಾಜಿನ ಹತ್ತಿರ ಸ್ಟೂಲ್ ಹಾಕಿಕೊಂಡು ಕೂರಬೇಕು. ಯಾರಾದರೂ ಬಾಗಿಲು ಬಡಿದರೆ ಸಾಕು, ತಾಯಿ ಹೊಟ್ಟೆಯ ಕೆಳಗಿನ ರೆಕ್ಕೆಗಳನ್ನು ಪಟಪಟನೆ ಅಲುಗಿಸುತ್ತದೆ. ಅಷ್ಟೂ ಮರಿಗಳು ತಕ್ಷಣ ತಳ ಕಚ್ಚಿ ಮರಳಿನ ಬಣ್ಣದಲ್ಲಿ ಕಾಣದಾಗುತ್ತವೆ. ಗದ್ದಲ ಅಡಗಿದ ಮೇಲೆ ಮತ್ತೊಂದು ಅಲುಗು, ಮತ್ತೆ ಏಳುತ್ತವೆ. ಸಂಜೆ ದೀಪ ಆರಿಸುವ ಹೊತ್ತಿಗೆ ಅಪ್ಪ ಅಮ್ಮ ಇಬ್ಬರೂ ದಾರಿತಪ್ಪಿದ ಮರಿಗಳನ್ನು ಬಾಯಿಗೆ ಎಳೆದುಕೊಂಡು ಗವಿಯ ಬಾಗಿಲಲ್ಲಿ ಉಗುಳಿ ಬರುತ್ತವೆ. ಒಮ್ಮೊಮ್ಮೆ ಸರದಿಯ ವಿಚಾರಕ್ಕೆ ಇಬ್ಬರಿಗೂ ಜಗಳವಾಗಿ ಹೆಣ್ಣು ಗಂಡನ್ನು ಅಟ್ಟಿಬಿಡುತ್ತದೆ. ಚಿಕ್ಕ ತೊಟ್ಟಿಯಲ್ಲಿ ಅದು ವಿಪರೀತಕ್ಕೆ ಹೋದರೆ ಗಂಡನ್ನು ಬೇರೆ ಇಡಬೇಕಾಗುತ್ತದೆ. ಗಾಜಿಗೆ ಹಿಡಿಯುವ ಪಾಚಿ ತೆಗೆಯಲೆಂದು ಸಕ್ಕರ್ ಮೀನು ಬಿಟ್ಟಿದ್ದರೆ ಮಾತ್ರ ಈ ಸಂಸಾರ ನಡೆಯದು. ಹಗಲಲ್ಲಿ ಕ್ರಿಬ್ ಅದನ್ನು ಓಡಿಸೀತು, ಕತ್ತಲಲ್ಲಿ ಮೊಟ್ಟೆಗಳು ಅದರ ಹೊಟ್ಟೆ ಸೇರುತ್ತವೆ.

ಮರಿಗಳಿಗೆ ಮೊದಲ ಎರಡು ವಾರ ಆರ್ಟೀಮಿಯಾ ಎಂಬ ಉಪ್ಪುನೀರಿನ ಪುಟ್ಟ ಜೀವಿಯ ಮರಿ ಬೇಕು. ಒಂದು ಲೀಟರ್ ನೀರಿಗೆ 25 ಗ್ರಾಂ ಕಲ್ಲುಪ್ಪು, ಅದರ ಮೊಟ್ಟೆ ಹಾಕಿ, ಬಾಟಲಿಯ ತಳದಿಂದ ಗಾಳಿ ಬಿಟ್ಟರೆ ಒಂದೂವರೆ ದಿನದೊಳಗೆ ಮೊಟ್ಟೆ ಒಡೆದು ಕಿತ್ತಳೆ ಬಣ್ಣದ ಚುಕ್ಕೆಗಳು ಓಡಾಡುತ್ತವೆ. ಸೋಸಿ, ಸಿಹಿನೀರಲ್ಲಿ ತೊಳೆದು ಕೊಡಬೇಕು. ಮೋರಿ ಕೆಸರಿನಿಂದ ಬರುವ ಟ್ಯೂಬಿಫೆಕ್ಸ್ ಹುಳು ಅಗ್ಗವೆಂದು ತಂದು ಸುರಿಯಬೇಡಿ, ರೋಗವೂ ಜೊತೆಗೆ ಬರುತ್ತದೆ.

ಬೆಂಗಳೂರಿನ ಹವೆ ಈ ಮೀನಿಗೆ ಹೇಳಿ ಮಾಡಿಸಿದ್ದು. ಬೇಕಾದ್ದು 24ರಿಂದ 27 ಡಿಗ್ರಿ. ವರ್ಷದ ಬಹುಕಾಲ ಮನೆಯೊಳಗಿನ ತೊಟ್ಟಿ ತಾನಾಗಿಯೇ ಅಲ್ಲಿರುತ್ತದೆ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ನೀರು ಇಪ್ಪತ್ತಕ್ಕೆ ಇಳಿದಾಗ ಮೈಮೇಲೆ ಬಿಳಿ ಚುಕ್ಕೆ ರೋಗ ಕಾಣಿಸುತ್ತದೆ. 50 ವಾಟ್‌ನ ಒಂದು ಹೀಟರ್ ಆ ಎರಡು ತಿಂಗಳಿಗೆ ಸಾಕು.

ನೀರಿನ ಬಗ್ಗೆ ಇನ್ನೊಂದು ಸಂಗತಿ ಉಳಿದಿದೆ, ನನಗೆ ಎಲ್ಲಕ್ಕಿಂತ ಬೆರಗು ಹುಟ್ಟಿಸಿದ್ದು ಅದೇ. ಈ ಮೀನಿನಲ್ಲಿ ಮರಿ ಗಂಡಾಗುವುದೋ ಹೆಣ್ಣಾಗುವುದೋ ಎಂಬುದನ್ನು ಮೊದಲ ಕೆಲವು ವಾರಗಳ ನೀರಿನ ಪಿಎಚ್ ಸಹ ಪ್ರಭಾವಿಸುತ್ತದೆ. 1985ರಲ್ಲಿ ರೂಬಿನ್ ಎಂಬ ವಿಜ್ಞಾನಿ ಇದನ್ನು ಪ್ರಕಟಿಸಿದರು. 2013ರಲ್ಲಿ ಆಡಮ್ ರೆಡನ್ ಮತ್ತು ಪೀಟರ್ ಹರ್ಡ್ ಮತ್ತೆ ಪರೀಕ್ಷಿಸಿ, ನೀರು ಹೆಚ್ಚು ಆಮ್ಲೀಯವಾದರೆ ಗಂಡು ಹೆಚ್ಚು, ತಟಸ್ಥದ ಕಡೆ ಬಂದಂತೆ ಹೆಣ್ಣು ಹೆಚ್ಚು ಎಂದು ಕಂಡರು. ಗಂಡುಗಳಲ್ಲೂ ಎರಡು ಬಗೆ ಇವೆ, ಕೆನ್ನೆ ಕೆಂಪಿನವು ಮತ್ತು ಹಳದಿಯವು; ಸ್ವಭಾವದಲ್ಲಿ ಕೆಂಪಿನವು ಹೆಚ್ಚು ಜಗಳಗಂಟ. ಯಾವ ಬಗೆಯ ಗಂಡು ಎಂಬುದರ ಮೇಲೂ ಪಿಎಚ್‌ನ ಪ್ರಭಾವವನ್ನು ಅವರು ಗುರುತಿಸಿದರು. ‘ನಮ್ಮ ಬ್ಯಾಚಲ್ಲಿ ಬರೀ ಹೆಣ್ಣೇ ಬಂತು’ ಎಂದು ಬೋರ್ ನೀರಿನ ಮನೆಯವರು ಹೇಳುವುದನ್ನು ಕೇಳಿದ್ದೇನೆ. ಕಾರಣ ಅವರ ನಲ್ಲಿಯಲ್ಲೇ ಇರುವ ಸಾಧ್ಯತೆ ಹೆಚ್ಚು. ಮರಿ ಈಜತೊಡಗಿದ ಮೊದಲ ತಿಂಗಳು ಪಿಎಚ್ 6.5ರ ಹತ್ತಿರ ಅಲುಗದಂತೆ ನೋಡಿಕೊಳ್ಳುವುದಕ್ಕೆ ಬೇರೆ ಯಾವ ಔಷಧಿಯೂ ಬೇಡ, ಡ್ರಮ್ಮಿನ ನೀರು ಮತ್ತು ನಾಲ್ಕು ಬಾದಾಮಿ ಎಲೆ ಸಾಕು.

ಒಂದು ಜೋಡಿ ವರ್ಷದಲ್ಲಿ ಹಲವು ಬಾರಿ ಮರಿ ಮಾಡುತ್ತದೆ, ಮರಿಗಳು ಕೆಲವೇ ತಿಂಗಳಲ್ಲಿ ತೊಟ್ಟಿ ತುಂಬುತ್ತವೆ. ಆಗ ಕೆಲವರಿಗೆ ಹತ್ತಿರದ ಕೆರೆ ನೆನಪಾಗುತ್ತದೆ: ಮಡಿವಾಳ, ಸಾರಕ್ಕಿ, ಪುಟ್ಟೇನಹಳ್ಳಿ, ಯಡಿಯೂರು. ದಯವಿಟ್ಟು ಬೇಡ. ಆಫ್ರಿಕಾದ ಸಿಕ್ಲಿಡ್ ಒಂದು ನಮ್ಮ ಕೆರೆಗಳಲ್ಲಿ ಈಗಾಗಲೇ ಬೀಡುಬಿಟ್ಟಿದೆ. ಜಿಲೇಬಿ ಮೀನು ಎಂದು ಕರೆಯುವ ತಿಲಾಪಿಯಾ 1952ರಲ್ಲಿ ಆಹಾರಕ್ಕೆಂದು ಭಾರತಕ್ಕೆ ಬಂದದ್ದು, ಇಂದು ಬೆಂಗಳೂರಿನ ಕೆರೆಗಳಲ್ಲಿ ಬಲೆ ಬೀಸಿದರೆ ಮೊದಲು ಸಿಗುವುದು ಅದೇ. ಅಕ್ವೇರಿಯಂನಿಂದ ತಪ್ಪಿಸಿಕೊಂಡ ಸಕ್ಕರ್ ಮೀನುಗಳೂ ಸೇರಿಕೊಂಡಿವೆ. ಕೆರೆಯಲ್ಲಿದ್ದ ಗಿರ್ಲು, ಪಕ್ಕೆ ಮುಂತಾದ ನಾಡಮೀನುಗಳಿಗೆ ಜಾಗ ಕಡಿಮೆಯಾಗಿದ್ದು ಸಾಕು. ನಮ್ಮ ನಾಡಿಗೇ ಸ್ವಂತದ ಸಿಕ್ಲಿಡ್ ಒಂದಿದೆ ಎಂಬುದು ಮೀನು ಸಾಕುವ ಎಷ್ಟೋ ಜನಕ್ಕೆ ಗೊತ್ತಿಲ್ಲ. ದಕ್ಷಿಣ ಕನ್ನಡದ ನೇತ್ರಾವತಿ, ಕುಮಾರಧಾರಾ ಕಣಿವೆಯ ಎಟ್ರೋಪ್ಲಸ್ ಕೆನರೆನ್ಸಿಸ್. ಫ್ರಾನ್ಸಿಸ್ ಡೇ 1877ರಲ್ಲಿ ವಿವರಿಸಿದ, ಮೈಮೇಲೆ ಮುತ್ತಿನ ಸಾಲು ಹೊತ್ತ ಆ ಮೀನಿನ ನಂಟರು ಮಡಗಾಸ್ಕರ್‌ನಲ್ಲಿದ್ದಾರೆ. ಅದರ ನೆಲೆ ಬಲು ಕಿರಿದು, ಈಗ ಅಪಾಯದಂಚಿನ ಪಟ್ಟಿಯಲ್ಲಿದೆ. ಹೊಳೆಯಿಂದ ಹಿಡಿದು ತಂದ ಆ ಮೀನು ಯಾರಾದರೂ ಮಾರಲು ಬಂದರೆ ಕೊಳ್ಳದಿರಿ.

ಮರಿಗಳು ಎರಡೂವರೆ ಮೂರು ಸೆಂಟಿಮೀಟರ್ ಆದಾಗ ಅಂಗಡಿಯವರು ತೆಗೆದುಕೊಳ್ಳುತ್ತಾರೆ; ಬದಲಿಗೆ ಆಹಾರವೋ ಗಿಡವೋ ಕೊಡುವುದು ವಾಡಿಕೆ. ಸಾಕುವ ಗೆಳೆಯರಿಗೆ ಕೊಟ್ಟರೆ ಇನ್ನೂ ಒಳ್ಳೆಯದು. ಜಯನಗರದ ಒಂದು ಸೂಲಿನ ಗಂಡುಗಳನ್ನು ಬನಶಂಕರಿಯ ಮತ್ತೊಂದು ಸೂಲಿನ ಹೆಣ್ಣುಗಳ ಜೊತೆ ಬದಲಾಯಿಸಿಕೊಂಡರೆ ಒಡಹುಟ್ಟಿದವುಗಳಲ್ಲೇ ಜೋಡಿ ಕಟ್ಟುವುದು ತಪ್ಪುತ್ತದೆ, ತಳಿ ಸೊರಗುವುದಿಲ್ಲ. ಕವರ್ ಕೈಗೆ ಕೊಡುವಾಗ ಅದರ ಮೇಲೆ ಮಾರ್ಕರ್‌ನಲ್ಲಿ ಮೊಟ್ಟೆ ಒಡೆದ ತಾರೀಖು, ನೀರಿನ ಟಿಡಿಎಸ್, ಪಿಎಚ್ ಬರೆದು ಕೊಡಿ. ತೆಗೆದುಕೊಂಡವರು ಕವರನ್ನು ತಮ್ಮ ತೊಟ್ಟಿಯಲ್ಲಿ ತೇಲಿಬಿಟ್ಟು, ಕಾಲು ಗಂಟೆಗೊಮ್ಮೆ ಅರ್ಧ ಲೋಟ ನೀರು ಬೆರೆಸುತ್ತಾ ಎರಡು ಗಂಟೆ ತಾಳ್ಮೆಯಿಂದ ಒಗ್ಗಿಸಿಕೊಂಡರೆ ಒಂದು ಮರಿಯೂ ಸಾಯದು.